ಮೀನಖಂಡದಲ್ಲಿ ನರ ಉಬ್ಬಿದರೆ ತೊಡೆಸಂದಿಗೆ ಯಾಕೆ ಸ್ಕ್ಯಾನ್?

ಪ್ರಶ್ನೆ: ಅಮ್ಮನಿಗೆ ಮೊಣಕಾಲಿನ ಕೆಳಗೆ, ಒಳಬದಿಯಲ್ಲಿ ನರ ನೀಲಿಯಾಗಿ ಹಗ್ಗದ ಹಾಗೆ ಸುತ್ತಿಕೊಂಡು ಉಬ್ಬಿದೆ. ಸಂಜೆಯಾದರೆ ಕಾಲು ಭಾರ, ಊತ. ಡಾಕ್ಟರು ಡಾಪ್ಲರ್ ಸ್ಕ್ಯಾನನ್ನು (ರಕ್ತ ಹೇಗೆ ಹರಿಯುತ್ತೆ ಅಂತ ತೋರಿಸೋ ಅಲ್ಟ್ರಾಸೌಂಡ್) ತೊಡೆಸಂದಿಯಿಂದಲೇ ಮಾಡಿಸಬೇಕು ಅಂದರು. ಯಾಕೆ? ಚಿಕಿತ್ಸೆಯಲ್ಲಿ ಕೆಟ್ಟ ನಾಳವನ್ನು ಮುಚ್ಚಿದರೆ ರಕ್ತ ಯಾವ ದಾರಿಯಲ್ಲಿ ಹೋಗುತ್ತೆ?

ಉತ್ತರ 1: ಡಾಕ್ಟರು ಹೇಳಿದ್ದು ಸರಿ. ಚರ್ಮದ ಕೆಳಗೆ ಗ್ರೇಟ್ ಸಫೀನಸ್ ಅನ್ನೋ ಉದ್ದದ ರಕ್ತನಾಳ ಇದೆ. ಪಾದದ ಒಳಗಂಟಿನ ಮುಂದಿನಿಂದ ಹೊರಟು ಮೊಣಕಾಲಿನ ಒಳಬದಿ ಹಾದು, ತೊಡೆಸಂದಿಯಲ್ಲಿ ಒಳಗಿನ ದೊಡ್ಡ ನಾಳಕ್ಕೆ ಸೇರುತ್ತೆ. ಉದ್ದಕ್ಕೂ ಪುಟ್ಟ ಕವಾಟಗಳಿವೆ, ಒಂದೊಂದಕ್ಕೂ ಎರಡು ತೆಳು ಎಸಳು, ರಕ್ತ ಮೇಲೆ ಹೋದ ಮೇಲೆ ಮುಚ್ಚಿಕೊಳ್ಳಬೇಕು. ತೊಡೆಸಂದಿಯಲ್ಲಿರೋ ತುದಿಯ ಕವಾಟ ಸೋರಿದರೆ ರಕ್ತ ಕೆಳಕ್ಕೆ ಜಾರಿ ಒತ್ತಡ ಜಾಸ್ತಿಯಾಗಿ, ತೆಳುಗೋಡೆಯ ಕವಲುಗಳು ಉಬ್ಬುತ್ತವೆ. ಅಮ್ಮನ ಕಾಲಲ್ಲಿ ಕಾಣುತ್ತಿರೋದು ಆ ಕವಲುಗಳೇ ಇರಬಹುದು.

ಉತ್ತರ 2: ಮುಚ್ಚೋದಕ್ಕೆ ಹೆದರಬೇಡಿ. ಕಾಲಿನ ಸುಮಾರು 90% ರಕ್ತ ಸ್ನಾಯುಗಳ ನಡುವಿನ ಆಳದ ನಾಳಗಳಲ್ಲೇ ಹೋಗುತ್ತೆ, ನಡೆಯುವಾಗ ಮೀನಖಂಡ ಅವನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತೆ. ಆ ನಾಳಗಳು ಚೆನ್ನಾಗಿವೆಯಾ ಅಂತಲೂ ಸ್ಕ್ಯಾನ್‌ನಲ್ಲಿ ನೋಡ್ತಾರೆ. ಅದಕ್ಕೇ ಸ್ಕ್ಯಾನ್ ತಪ್ಪಿಸಬೇಡಿ.

ಉತ್ತರ 3: ಪಾದದ ಗಂಟಿನ ಒಳಬದಿಯ ಚರ್ಮವನ್ನೂ ನೋಡಿ. ಕಂದು ಬಣ್ಣ, ತುರಿಕೆ, ಗಟ್ಟಿಯಾಗೋದು ಇದ್ದರೆ ಸುಮ್ನೆ ಕಾಯಬೇಡಿ, ಹುಣ್ಣಾಗಬಹುದು. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.