ಓವರ್‌ಲ್ಯಾಪೋ ಇಂಟರ್‌ಲಾಕೋ? ಕೈ ನೋಯಿಸಿಕೊಂಡವರು ಅನುಭವ ಹೇಳಿ

ಹೊಸಗೈ
ಗಾಲ್ಫ್ ಶುರು ಮಾಡಿ ಆರು ತಿಂಗಳಾಯಿತು. ವಯಸ್ಸು 44. ಬಲಗೈ ಆಟಗಾರ. ಬೆರಳು ಗಿಡ್ಡ. ಕಲಿಸಿದವರು ಓವರ್‌ಲ್ಯಾಪ್ ಹಿಡಿಸಿದರು, ಅಂದರೆ ಬಲಗೈ ಕಿರುಬೆರಳು ಎಡಗೈ ಬೆರಳುಗಳ ಮೇಲೆ ಕೂರುವ ಹಿಡಿತ. ಜೊತೆಗೆ ಆಡುವವರು "ನಿನ್ನ ಕೈಗೆ ಇಂಟರ್‌ಲಾಕೇ ಸರಿ" ಅನ್ನುತ್ತಾರೆ, ಅಂದರೆ ಆ ಕಿರುಬೆರಳನ್ನು ಎಡಗೈ ತೋರುಬೆರಳಿಗೆ ಹೆಣೆಯುವುದು. ಡ್ರೈವರ್ (ದೂರ ಹೊಡೆಯುವ ಕ್ಲಬ್, ಅಂದರೆ ಗಾಲ್ಫ್ ಕೋಲು) ಹೊಡೆದರೆ ಬಾಲ್ ಬಲಕ್ಕೆ ಬಾಗಿ ಹೋಗುತ್ತದೆ, ಅದೇ ಸ್ಲೈಸ್. ಎರಡು ಬಕೆಟ್ ಬಾಲ್ ಮುಗಿಯುವ ಹೊತ್ತಿಗೆ ಎಡಗೈ ಹೆಬ್ಬೆರಳ ಬುಡ ನೋಯುತ್ತದೆ. ಗ್ಲೋವ್ ಕೂಡ ಆರು ವಾರಕ್ಕೆ ತೂತು ಬೀಳುತ್ತಿದೆ, ಅದೂ ಅಂಗೈ ಬುಡದಲ್ಲಿ, ಕಿರುಬೆರಳ ಕಡೆಗೆ. ಯಾವ ಹಿಡಿತಕ್ಕೆ ಹೋಗಲಿ? ಬದಲಾಯಿಸಿದವರು ಹೇಳಿ.

ಸ್ಲೈಸಪ್ಪ
ಇಂಟರ್‌ಲಾಕ್ ಕಡೆ ತಲೆ ಹಾಕಿಯೂ ಮಲಗಬೇಡಿ. ನನ್ನ ಕಥೆ ಕೇಳಿ.

ನಾನೂ ಜೊತೆಯವರ ಮಾತು ಕೇಳಿ ಹೆಣೆದುಕೊಂಡೆ. ಮೊದಲ ವಾರ ಸ್ವರ್ಗ. ಎರಡು ಕೈ ಒಂದೇ ಆದ ಹಾಗೆ ಅನಿಸಿತು. ಮೂರನೇ ವಾರ ಬಲಗೈ ಕಿರುಬೆರಳ ನಡುಗಂಟು ಕೆಂಪಾಯಿತು. ನಾಲ್ಕನೇ ವಾರ ಅಂಗಿ ಗುಂಡಿ ಹಾಕಲು ಆಗಲಿಲ್ಲ. ಟೇಪ್ ಸುತ್ತಿಕೊಂಡು ಆಡಿದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ, ಗೊತ್ತು. ಕೊನೆಗೆ 11 ವಾರ ಕ್ಲಬ್ ಮುಟ್ಟಲಿಲ್ಲ. ವಾಪಸ್ ಬಂದು ಓವರ್‌ಲ್ಯಾಪ್ ಶುರು ಮಾಡಿದೆ. ಹ್ಯಾಂಡಿಕ್ಯಾಪ್ (ಕಡಿಮೆ ಇದ್ದಷ್ಟೂ ಒಳ್ಳೆಯ ಆಟ) 19 ಇದ್ದದ್ದು 23ಕ್ಕೆ ಹೋಯಿತು. ಮತ್ತೆ 19ಕ್ಕೆ ಇಳಿಸಲು ಇಡೀ ಸೀಸನ್ ಬೇಕಾಯಿತು. ಇಂಟರ್‌ಲಾಕ್ ಹಿಡಿದಾಗಿನಿಂದ ಅಲ್ಲಿಯವರೆಗೆ ಕಳೆದ ಬಾಲ್ 61. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಇಂಟರ್‌ಲಾಕ್ ನನ್ನಿಂದ ಕಿತ್ತುಕೊಂಡದ್ದು ಇದು. ಈಗ ಬೆರಳು ಹಾಯಾಗಿದೆ. ಚಳಿ ಇದ್ದ ದಿನ ಮಾತ್ರ ಗಂಟು ಚುರುಕ್ ಅನ್ನುತ್ತದೆ.

ಗಂಟುಬೆರಳು
ಸ್ಲೈಸಪ್ಪನವರೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಕಿರುಬೆರಳನ್ನು ಬುಡದ ತನಕ ತೂರಿಸಿದ್ದೀರಿ, ಅದಕ್ಕೆ ಊದಿತು. ಬೆರಳು ಸುಮ್ನೆ ಕೊಕ್ಕೆ ಹಾಕಿಕೊಂಡರೆ ಸಾಕು. ಬಿಗಿದು ಗಂಟು ಕಟ್ಟುವುದಕ್ಕೆ ಅದೇನು ಮೂಟೆಯಾ?

ಜಾಕ್ ನಿಕ್ಲಾಸ್ 18 ಮೇಜರ್ (ಗಾಲ್ಫ್‌ನ ನಾಲ್ಕು ದೊಡ್ಡ ಟೂರ್ನಿಗಳು) ಗೆದ್ದಿದ್ದು ಇದೇ ಹಿಡಿತದಲ್ಲಿ. ಟೈಗರ್ ವುಡ್ಸ್ 15. ರೋರಿ ಮೆಕಿಲ್ರಾಯ್ ಕೂಡ ಇದೇ. ನಿಕ್ಲಾಸ್ ಕೈಯೂ ಚಿಕ್ಕದೇ.

ನನ್ನದೂ ಗಿಡ್ಡ ಬೆರಳು. ಎರಡು ವರ್ಷ ಓವರ್‌ಲ್ಯಾಪ್ ಹಿಡಿದೆ. ಕಿರುಬೆರಳು ಎಡಗೈ ಮೇಲಿನ ಸಂದಿಯಲ್ಲಿ ಕೂರುತ್ತಲೇ ಇರಲಿಲ್ಲ, ಜಾರಿ ಜಾರಿ ಹೋಗುತ್ತಿತ್ತು. ಅದು ಜಾರಬಾರದು ಅಂತ ಗಟ್ಟಿಯಾಗಿ ಹಿಡಿದೆ. ಗಟ್ಟಿಯಾಗಿ ಹಿಡಿದದ್ದಕ್ಕೆ ಮೊಣಕೈ ಹೋಯಿತು. ಎಡ ಮೊಣಕೈ ಹೊರಗಡೆ, ಐದು ತಿಂಗಳು. ಬಾಗಿಲ ಹಿಡಿ ತಿರುಗಿಸಿದರೂ ನೋವು. ಇಂಟರ್‌ಲಾಕ್‌ಗೆ ಬಂದ ಮೇಲೆ ಆ ನೋವು ಮತ್ತೆ ಬಂದಿಲ್ಲ. ನಾಲ್ಕು ವರ್ಷವಾಯಿತು.

ಸ್ಲೈಸಪ್ಪ
ಟೈಗರ್ ಏನು ಮಾಡಿದರು ಅಂತ ನಾನೂ ಮಾಡಿದರೆ ನನ್ನ ಸೊಂಟ ಎಲ್ಲಿರುತ್ತಿತ್ತು ಸ್ವಾಮಿ? ನನ್ನ ಬೆರಳು ಎಷ್ಟು ಒಳಗೆ ಹೋಗಿತ್ತು ಅಂತ ನೀವು ನೋಡಿದ್ದಿರಾ?

ಹಿಡಿಕೆಹುಚ್ಚ
ನಿಮ್ಮಿಬ್ಬರದೂ ಹಿಡಿತದ ಜಗಳ. ಸಮಸ್ಯೆ ಹಿಡಿಕೆಯಲ್ಲಿ ಇರುತ್ತದೆ. ಆ ರಬ್ಬರ್ ಎಷ್ಟು ದಪ್ಪ ಇದೆ ಅಂತ ಯಾರೂ ನೋಡುವುದಿಲ್ಲ.

ನಾನು ಪಟರ್ (ಬಾಲನ್ನು ಕುಳಿಗೆ ಉರುಳಿಸುವ ಕ್ಲಬ್) ಬಿಟ್ಟು 13 ಕ್ಲಬ್‌ಗೂ ಮಿಡ್‌ಸೈಜ್ ಗ್ರಿಪ್ ಹಾಕಿಸಿದವನು. ಹಾಕಿಸಿದವನಲ್ಲ, ನಾನೇ ಹಾಕಿದವನು. ಸ್ಟ್ಯಾಂಡರ್ಡ್‌ಗಿಂತ 1/16 ಇಂಚು ದಪ್ಪ. ಕೇಳಲು ಏನೂ ಅಲ್ಲ, ಕೈಗೆ ಮಾತ್ರ ಒನಕೆ ಹಿಡಿದ ಹಾಗೆ. ಹೆಬ್ಬೆರಳಿಗೆ ಹಾಯ್ ಅನಿಸಿತು. ಆದರೆ ಕೈ ಸಲೀಸಾಗಿ ತಿರುಗದೆ ಎಲ್ಲ ಬಾಲೂ ಬಲಕ್ಕೆ ಹೋಗಲು ಶುರುವಾಯಿತು. ಮೇಲುಗಡೆ ತೂಕ ಜಾಸ್ತಿಯಾದರೆ ಕ್ಲಬ್ ತಲೆ ಹಗುರ ಅನಿಸುತ್ತದೆ. ನಾಲ್ಕೈದು ಗ್ರಾಂ ಏರಿದರೆ ಸ್ವಿಂಗ್ ವೇಟ್, ಅಂದರೆ ಬೀಸುವಾಗ ತಲೆ ಎಷ್ಟು ಭಾರ ಅನಿಸುತ್ತದೆ ಅನ್ನುವ ಅಳತೆ, ಸುಮಾರು ಒಂದು ಪಾಯಿಂಟ್ ಇಳಿಯುತ್ತದೆ. ನನ್ನದು ಎರಡು ಇಳಿದಿತ್ತು.

ಆರು ವಾರ ಆಡಿ ಎಲ್ಲ ಕಿತ್ತೆ. ಇಲ್ಲೇ ದೊಡ್ಡ ತಪ್ಪು ಮಾಡಿದೆ. ಹಳೇ ಗ್ರಿಪ್ ಕೊಯ್ಯಲು ಕೊಕ್ಕೆ ಬ್ಲೇಡ್ ಬೇಕು. ನಾನು ನೆಟ್ಟಗಿನ ಬ್ಲೇಡ್ ಹಾಕಿ ಎಳೆದೆ. ಡ್ರೈವರ್‌ನ ಗ್ರಾಫೈಟ್ ಶಾಫ್ಟ್ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ಏನಾಗುತ್ತದೆ ಬಿಡು ಅಂದುಕೊಂಡೆ. ಮೂರು ವಾರದ ನಂತರ ನಾಲ್ಕನೇ ಕುಳಿಯ ಮೊದಲ ಹೊಡೆತದಲ್ಲಿ ಲಟಕ್ ಅಂತ ಶಬ್ದ. ತಲೆ ಒಂದು ಕಡೆ ಹಾರಿತು, ನನ್ನ ಕೈಯಲ್ಲಿ ಒಂದು ಗೇಣು ಉಳಿಯಿತು. ಬಾಲ್ ಟೀ ಮೊಳೆ ಮೇಲೆ ಹಾಗೇ ಕೂತಿತ್ತು.

ಈಗ ಸ್ಟ್ಯಾಂಡರ್ಡ್ ಗ್ರಿಪ್ ಕೆಳಗೆ ಒಂದು ಸುತ್ತು ಮಾಸ್ಕಿಂಗ್ ಟೇಪ್ ಜಾಸ್ತಿ. ಒಂದು ಪದರಕ್ಕೆ ಸುಮಾರು 1/64 ಇಂಚು. ಒಟ್ಟು 26 ಗ್ರಿಪ್ ಹಾಳು, ಒಂದು ಡ್ರೈವರ್ ಹೋಯಿತು, ಆದರೆ ಉತ್ತರ ಸಿಕ್ಕಿತು.

ಗಂಟುಬೆರಳು
ಕೇಳಿದ್ದು ಬೆರಳು ಹೇಗೆ ಹೆಣೆಯಬೇಕು ಅಂತ. ನೀವು ಅಂಗಡಿ ತೆರೆದು ಕೂತಿರಿ.

ಹಿಡಿಕೆಹುಚ್ಚ
ಚಪ್ಪಲಿ ಸೈಜ್ ತಪ್ಪಿದ್ದರೆ ನಡಿಗೆ ತಿದ್ದಿ ಏನು ಪ್ರಯೋಜನ? ಯೋಚನೆ ಮಾಡಿ.

ಹತ್ತುಬೆರಳು
ನನ್ನ ಹೆಸರೇ ಹೇಳುತ್ತದೆ. ಹತ್ತೂ ಬೆರಳು ಕ್ಲಬ್ ಮೇಲೆ. ಎರಡೂ ಕೈಯಲ್ಲಿ ಕೀಲುನೋವು ಇರುವವನಿಗೆ ಬೇರೆ ದಾರಿ ಇರಲಿಲ್ಲ.

ಇದನ್ನು ಹಿಡಿದ ದಿನದಿಂದ ನಗೆಪಾಟಲಾಗಿದ್ದೇನೆ. "ಬ್ಯಾಟಿಂಗ್ ಮಾಡ್ತಿದ್ದೀರಾ?" ಅಂತ ಕೇಳದವರಿಲ್ಲ. ಒಬ್ಬ ಕಲಿಸುವವರಂತೂ ಮೊದಲ ಪಾಠದಲ್ಲೇ "ಈ ಹಿಡಿತದಲ್ಲಿ ನಾನು ಕಲಿಸುವುದಿಲ್ಲ" ಅಂದರು. ಹತ್ತು ಪಾಠಕ್ಕೆ ಮುಂಗಡ ಕೊಟ್ಟಿದ್ದೆ. ಒಂಬತ್ತು ಪಾಠದ ದುಡ್ಡು ಇವತ್ತಿಗೂ ಬಂದಿಲ್ಲ. ಅವರಿಗೆ ಹೇಳಬೇಕಿತ್ತು, 1959ರಲ್ಲಿ ಮಾಸ್ಟರ್ಸ್ ಗೆದ್ದ ಆರ್ಟ್ ವಾಲ್ ಹತ್ತು ಬೆರಳಲ್ಲೇ ಹಿಡಿಯುತ್ತಿದ್ದರು. ಅದೇ ವರ್ಷ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಬಾಬ್ ರೋಸ್‌ಬರ್ಗ್ ಕೂಡ. ಆದರೆ ಇಂಥ ಉತ್ತರ ಮನೆಗೆ ಬಂದ ಮೇಲೆ ತಾನೇ ಹೊಳೆಯುವುದು.

ಕಷ್ಟವೂ ಹೇಳುತ್ತೇನೆ. ಮೊದಲ ಎರಡು ತಿಂಗಳು ಬಲಗೈ ಯಜಮಾನಿಕೆ ಮಾಡಿತು. ಸಣ್ಣ ಚಿಪ್ ಹೊಡೆತ ಕೂಡ ಎಡಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಎರಡು ಕೈ ನಡುವೆ ಸಂದಿ ಬಿಡಬಾರದು, ಅದೊಂದೇ ಗುಟ್ಟು. ಬಲಗೈ ಕಿರುಬೆರಳು ಎಡಗೈ ತೋರುಬೆರಳಿಗೆ ಒತ್ತಿಕೊಂಡೇ ಇರಬೇಕು.

ಹಳೇಚೆಂಡು
ಓವರ್‌ಲ್ಯಾಪನ್ನು ಎಲ್ಲರೂ ವಾರ್ಡನ್ ಹಿಡಿತ ಅನ್ನುತ್ತಾರೆ. ಹ್ಯಾರಿ ವಾರ್ಡನ್ ಅದನ್ನು ಹುಟ್ಟುಹಾಕಿದವರಲ್ಲ. ಅವರಿಗಿಂತ ಮುಂಚೆ ಜಾನಿ ಲೇಡ್ಲೆ ಹಾಗೆ ಹಿಡಿಯುತ್ತಿದ್ದರು, 1889 ಮತ್ತು 1891ರ ಅಮೆಚೂರ್ ಚಾಂಪಿಯನ್. ವಾರ್ಡನ್ ಆರು ಸಲ ಬ್ರಿಟಿಷ್ ಓಪನ್ ಗೆದ್ದರು, ಹೆಸರು ಅವರಿಗೆ ಹೋಯಿತು. ಸುಮ್ನೆ ಹೇಳಿದೆ.

ಗಂಟುಬೆರಳು
ಇದರಿಂದ ಅವರ ಹೆಬ್ಬೆರಳ ನೋವು ಹೇಗೆ ಹೋಗುತ್ತದೆ?

ಹಳೇಚೆಂಡು
ನಿಮ್ಮ ನಿಕ್ಲಾಸ್‌ನಿಂದ ಹೋಗುತ್ತದಾ?

ಬಂಕರ್‌ವಾಸಿ
ಓದಿ ಓದಿ ಸಾಕಾಯಿತು. ಕಿರುಬೆರಳು ಮೇಲೋ ಒಳಗೋ ಪಕ್ಕಕ್ಕೋ ಅನ್ನುವುದರಿಂದ ಸ್ಲೈಸ್ ಹೋಗುವುದಿಲ್ಲ. ಕೈ ಎಷ್ಟು ತಿರುಗಿ ಕೂತಿದೆ ಅನ್ನುವುದು ಮುಖ್ಯ. ಎಡಕ್ಕೆ ತಿರುಗಿದ್ದರೆ ವೀಕ್, ಬಲಕ್ಕೆ ತಿರುಗಿದ್ದರೆ ಸ್ಟ್ರಾಂಗ್. ಇದಕ್ಕೆ ನಾನು ಮೂರು ವರ್ಷ ತೆತ್ತಿದ್ದೇನೆ.

ಬೆನ್ ಹೋಗನ್ 1957ರಲ್ಲಿ ಬರೆದ ಪುಸ್ತಕ ಓದಿದೆ. ಚಿತ್ರ ನೋಡಿ ಎಡಗೈ ಹೆಬ್ಬೆರಳು, ತೋರುಬೆರಳ ನಡುವಿನ ಗೆರೆ ಬಲಗಣ್ಣಿನ ಕಡೆ ತೋರುವ ಹಾಗೆ ಹಿಡಿದೆ. ಕೆಳಗೆ ನೋಡಿದರೆ ಒಂದೇ ಗೆಣ್ಣು ಕಾಣುತ್ತಿತ್ತು. ಅವರ ಹಾಗೆ ಹಿಡಿದರೆ ಅವರ ಹಾಗೆ ಬಾಲ್ ಹೋಗುತ್ತದೆ ಅಂದುಕೊಂಡ ಪುಣ್ಯಾತ್ಮ ನಾನು. ಹೋಗನ್ ಹುಕ್‌ನಿಂದ ನರಳಿದವರು. ಬಾಲ್ ಎಡಕ್ಕೆ ಹೋಗಬಾರದು ಅಂತ ಕೈ ವೀಕ್ ಮಾಡಿಕೊಂಡವರು. ನನಗೆ ಮೊದಲೇ ಸ್ಲೈಸ್. ಅವರ ಔಷಧಿ ನಾನು ಕುಡಿದೆ. 14 ಇದ್ದ ಹ್ಯಾಂಡಿಕ್ಯಾಪ್ 20 ಆಯಿತು.

ಕೊನೆಗೆ ಎಡಗೈಯನ್ನು ಬಲಕ್ಕೆ ತಿರುಗಿಸಿದೆ. ಎರಡೂವರೆ ಗೆಣ್ಣು ಕಾಣುವ ತನಕ. ಗೆರೆ ಬಲ ಭುಜದ ಕಡೆಗೆ. ಮೊದಲ ವಾರದ ನರಕ ಯಾರಿಗೂ ಬೇಡ. ಬಾಲ್ ನೆಲ ಉಜ್ಜಿಕೊಂಡು ಎಡಕ್ಕೆ. ಒಂದು ಬಾಲ್ ಪಾರ್ಕಿಂಗ್ ಜಾಗಕ್ಕೆ ಹೋಗಿ ಕಾರಿನ ಮುಂದಿನ ಗಾಜು ಒಡೆಯಿತು. ಯಾರ ಕಾರು? ಆವತ್ತು ನನ್ನ ಜೊತೆ ಆಡುತ್ತಿದ್ದವರದ್ದೇ. ಏಳನೇ ವಾರಕ್ಕೆ ನೆಟ್ಟಗಾಯಿತು.

ಸ್ಲೈಸಪ್ಪ
ಹೋಗನ್ ಒಂಬತ್ತು ಮೇಜರ್ ಗೆದ್ದವರು. ನಿಮಗೆ ಓದಲು ಬರಲಿಲ್ಲ ಅಂತ ಪುಸ್ತಕಕ್ಕೆ ಬೈಯಬೇಡಿ.

ಬಂಕರ್‌ವಾಸಿ
ಬೈದದ್ದು ನನಗೆ ನಾನೇ. ಇನ್ನೊಮ್ಮೆ ಓದಿ. ಓದಲು ಬಾರದವರು ಯಾರು ಅಂತ ಗೊತ್ತಾಗುತ್ತದೆ.

ಹೊಸಗೈ
ಎಲ್ಲರಿಗೂ ಧನ್ಯವಾದ. ಆದರೆ ಹೆಬ್ಬೆರಳ ನೋವಿಗೆ ಏನು ಮಾಡಲಿ? ಬೆರಳು ಕೂರಿಸಲು ಅಚ್ಚು ಹಾಕಿರುವ ಒಂದು ತರಬೇತಿ ಗ್ರಿಪ್ ನೋಡಿದೆ. ಅದನ್ನೇ ಸೆವೆನ್ ಐರನ್ ಕ್ಲಬ್‌ಗೆ ಹಾಕಿಸಿ ಆಡಲೇ?

ಹಿಡಿಕೆಹುಚ್ಚ
ರೇಂಜ್‌ನಲ್ಲಿ ಅಭ್ಯಾಸಕ್ಕೆ ಸರಿ. ಸ್ಪರ್ಧೆಯಲ್ಲಿ ಬೇಡ. ಬೆರಳ ಆಕಾರಕ್ಕೆ ಅಚ್ಚು ಹಾಕಿದ ಗ್ರಿಪ್‌ಗೆ ನಿಯಮದಲ್ಲಿ ಅವಕಾಶವಿಲ್ಲ. ಪಟರ್ ಬಿಟ್ಟು ಉಳಿದ ಕ್ಲಬ್‌ಗಳ ಗ್ರಿಪ್ ಅಡ್ಡ ಕೊಯ್ದರೆ ದುಂಡಗಿರಬೇಕು. ಉದ್ದಕ್ಕೂ ಒಂದು ಸಣ್ಣ ನೇರ ಏಣು ಇದ್ದರೆ ಪರವಾಗಿಲ್ಲ. ಇದೂ ನಾನು ದುಡ್ಡು ಕೊಟ್ಟು ಕಲಿತ ಪಾಠ, ಇನ್ನೊಂದು ದಿನ ಹೇಳುತ್ತೇನೆ.

ಮೂರುಪಟ್
ಪಟರ್ ಮಾತು ಬಂತಲ್ಲ, ಅಲ್ಲಿಗೆ ಬನ್ನಿ. ಡ್ರೈವರ್ ಹಿಡಿತಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ. ಒಂದು ರೌಂಡಿಗೆ ಡ್ರೈವರ್ ಎತ್ತುವುದು ಹದಿನಾಲ್ಕು ಸಲ, ಪಟರ್ ಮೂವತ್ತಕ್ಕೂ ಜಾಸ್ತಿ. ನಾನು ಎಡಗೈ ಕೆಳಗೆ ಇಟ್ಟು ನೋಡಿದೆ, ಕ್ಲಾ (ಬಲಗೈಯನ್ನು ಪಂಜದ ಹಾಗೆ ಇಡುವ ಹಿಡಿತ) ನೋಡಿದೆ, ಉದ್ದದ ಪಟರ್ ತಂದು ಎದೆಗೆ ಊರಿಕೊಂಡು ಕೈ ಪಳಗುವಷ್ಟರಲ್ಲಿ ಅದನ್ನು ನಿಷೇಧ ಮಾಡಿದರು. ಈಗ ಮೂಲೆಯಲ್ಲಿ ಬಟ್ಟೆ ಒಣಹಾಕಲು ಬಳಸುತ್ತಿದ್ದೇವೆ.

ಹಳೇಚೆಂಡು
ಪಟರ್ ನಿಷೇಧ ಆಗಿಲ್ಲ. 2016ರ ಜನವರಿ 1ರಿಂದ ನಿಂತದ್ದು ಅದನ್ನು ದೇಹಕ್ಕೆ ಊರಿಕೊಂಡು ಹೊಡೆಯುವುದು. ಎದೆಯಿಂದ ದೂರ ಹಿಡಿದು ಹೊಡೆಯಿರಿ, ಯಾರೂ ಕೇಳುವುದಿಲ್ಲ.

ಮೂರುಪಟ್
ಊರದೆ ಹೊಡೆಯಲು ಬರುತ್ತಿದ್ದರೆ ಉದ್ದದ್ದು ಯಾಕೆ ತರುತ್ತಿದ್ದೆ?

ಹತ್ತುಬೆರಳು
ಹೊಸಗೈ ಅವರೇ, ಇವರ ಗಲಾಟೆಯಲ್ಲಿ ಒಂದು ಮಾತು ತಪ್ಪಿಹೋಯಿತು. ಅಂಗೈ ಬುಡದಲ್ಲಿ ಗ್ಲೋವ್ ತೂತಾಗುತ್ತಿದೆ ಅಂದಿರಲ್ಲ. ಅಂದರೆ ಕ್ಲಬ್ ಅಂಗೈಯಲ್ಲಿ ಮಲಗಿದೆ, ಬೆರಳಲ್ಲಿ ಅಲ್ಲ. ಮೇಲೆ ಹೋದಾಗ ಅದು ಕದಲುತ್ತದೆ, ಗ್ಲೋವ್ ಉಜ್ಜುತ್ತದೆ, ಹಿಡಿದು ನಿಲ್ಲಿಸಲು ಹೆಬ್ಬೆರಳು ಒತ್ತುತ್ತದೆ. ನನ್ನ ಹಳೇ ಗ್ಲೋವ್‌ಗಳೂ ಅಲ್ಲೇ ಸವೆಯುತ್ತಿದ್ದವು. ಎಡಗೈ ಬೆರಳುಗಳ ಬುಡದಲ್ಲಿ ಕ್ಲಬ್ ಇಟ್ಟು, ಅಂಗೈ ಬುಡದ ದಪ್ಪ ಮಾಂಸ ಅದರ ಮೇಲೆ ಕೂರುವ ಹಾಗೆ ಮುಚ್ಚಿ. ಹೆಬ್ಬೆರಳನ್ನು ಉದ್ದಕ್ಕೆ ಚಾಚಬೇಡಿ, ಸ್ವಲ್ಪ ಮೇಲಕ್ಕೆ ಎಳೆದುಕೊಳ್ಳಿ. ನೋವು ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ, ನನ್ನ ಹಾಗೆ ವರ್ಷಗಟ್ಟಲೆ ಎಳೆಯಬೇಡಿ.

ಹೊಸಗೈ
ಈಗ ಬ್ಯಾಗ್ ತೆಗೆದು ನೋಡಿದೆ. ಮೂರು ಹಳೇ ಗ್ಲೋವ್. ಮೂರರಲ್ಲೂ ತೂತು ಒಂದೇ ಜಾಗದಲ್ಲಿ. ಬೆರಳ ಬುಡ ಹೊಸದರಂತೆ ಇದೆ.

ಸ್ಲೈಸಪ್ಪ
ನೋಡಿದಿರಾ, ಅದಕ್ಕೆ ಹೇಳಿದ್ದು. ಇಂಟರ್‌ಲಾಕ್‌ಗೆ ಹೋಗಬೇಡಿ.

ಗಂಟುಬೆರಳು
ಇದಕ್ಕೂ ಇಂಟರ್‌ಲಾಕ್‌ಗೂ ಏನು ಸಂಬಂಧ? ಒಂದು ಕೇಳುತ್ತೇನೆ, ಡೈರಿ ನೋಡಿ ಹೇಳಿ. ಆ 61 ಬಾಲ್‌ನಲ್ಲಿ ಇಂಟರ್‌ಲಾಕ್ ಹಿಡಿದಾಗ ಹೋದವು ಎಷ್ಟು, ಓವರ್‌ಲ್ಯಾಪ್‌ಗೆ ಬಂದ ಮೇಲೆ ಹೋದವು ಎಷ್ಟು?

ಸ್ಲೈಸಪ್ಪ
ಇಂಟರ್‌ಲಾಕ್‌ನಲ್ಲಿ 17. ಓವರ್‌ಲ್ಯಾಪ್‌ನಲ್ಲಿ 44. ಆದರೆ ಆಗ ಗಾಳಿ ತುಂಬಾ ಇತ್ತು.