ಸಹಾಯ ಬೇಕು: ಆಫ್ರಿಕನ್ ಬಸವನಹುಳುವಿನ ಸರಿಯಾದ ವೈಜ್ಞಾನಿಕ ಹೆಸರು ಯಾವುದು?

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಹಂಚಲು ಆಫ್ರಿಕನ್ ದೈತ್ಯ ಬಸವನಹುಳುವಿನ ಬಗ್ಗೆ ಕರಪತ್ರ ಮಾಡುತ್ತಿದ್ದೇನೆ. ಮಳೆ ಶುರುವಾದರೆ ತೋಟದ ತುಂಬ ಅದೇ. ಬೇರೆಲ್ಲ ಬರೆದು ಮುಗಿದಿದೆ, ವೈಜ್ಞಾನಿಕ ಹೆಸರಿನ ಹತ್ತಿರ ನಿಂತುಬಿಟ್ಟಿದೆ.

ಹಳೆಯ ಕೃಷಿ ಪುಸ್ತಕಗಳಲ್ಲಿ ಅಕಾಟಿನಾ ಫುಲಿಕಾ ಅಂತಿದೆ. ಮೊಲಸ್ಕಾಬೇಸ್‌ನಲ್ಲಿ (ಮೃದ್ವಂಗಿಗಳ ವೈಜ್ಞಾನಿಕ ಹೆಸರುಗಳ ಆನ್‌ಲೈನ್ ಪಟ್ಟಿ) ಹುಡುಕಿದರೆ ಲಿಸಾಕಾಟಿನಾ ಫುಲಿಕಾ. 1950ರಲ್ಲಿ ಜೀವವಿಜ್ಞಾನಿ ಬೆಕಾರ್ಟ್ ಅವರು ಲಿಸಾಕಾಟಿನಾವನ್ನು ಅಕಾಟಿನಾ ಕುಲದ (ಜೀನಸ್, ಅಂದರೆ ಹತ್ತಿರದ ಜಾತಿಗಳ ಗುಂಪು) ಒಳಗಿನ ಉಪಕುಲವಾಗಿ ಮಾಡಿದ್ದರು, ಆಮೇಲೆ ಅದನ್ನೇ ಬೇರೆ ಕುಲವಾಗಿ ಎಣಿಸಿದ್ದಾರೆ, ಅಲ್ಲಿವರೆಗೆ ಅರ್ಥವಾಯಿತು. ಗೊಂದಲ ಇರುವುದು ಹೆಸರಿಟ್ಟವರ ವಿಷಯದಲ್ಲಿ. ಕೆಲವು ಕಡೆ ಫೆರುಸಾಕ್, 1821 ಅಂತಿದೆ, ಕೆಲವು ಕಡೆ ಬೌಡಿಚ್, 1822. ಮೊದಲು ಇಟ್ಟ ಹೆಸರಿಗೇ ಆದ್ಯತೆ ಅಲ್ವಾ? ಹಾಗಿದ್ದರೆ 1821 ಯಾಕೆ ನಿಲ್ಲಲಿಲ್ಲ? ಫೆರುಸಾಕ್ ವಿವರಣೆ ಕೊಡದೆ ಸುಮ್ನೆ ಹೆಸರಷ್ಟೇ ಅಚ್ಚು ಹಾಕಿಸಿದ್ದು ಕಾರಣವಾ?

ಕುಲ ಬದಲಾದರೆ ಹೆಸರಿಟ್ಟವರನ್ನು ಕಂಸದಲ್ಲಿ ಹಾಕಬೇಕು ಅನ್ನುವ ನಿಯಮವೂ ಇದೆ. ರೈತರು ನೆಟ್‌ನಲ್ಲಿ ಹುಡುಕುವಾಗ ಹಳೆಯ ಹೆಸರೇ ಜಾಸ್ತಿ ಸಿಗುತ್ತದೆ, ಅದನ್ನು ಬಿಡಲು ಮನಸ್ಸಿಲ್ಲ.

ಗೊತ್ತಿದ್ದವರು ದಯವಿಟ್ಟು ಹೇಳಿ: ‘ಲಿಸಾಕಾಟಿನಾ ಫುಲಿಕಾ (ಬೌಡಿಚ್, 1822)’ ಅಂತ ಬರೆದು, ಕೆಳಗೆ ‘ಹಳೆಯ ಹೆಸರು ಅಕಾಟಿನಾ ಫುಲಿಕಾ’ ಅಂತ ಹಾಕಿದರೆ ಸರಿಯಾಗುತ್ತದಾ?