ಮಡಚುವ ಇ-ಸೈಕಲ್: ಹಗುರದ್ದು ತಗೊಳ್ಳಲೋ, ದೊಡ್ಡ ಬ್ಯಾಟರಿಯದ್ದೋ?

ಶಾಲಿನಿ:
ಮಡಚುವ ಎಲೆಕ್ಟ್ರಿಕ್ ಸೈಕಲ್ ತಗೋಬೇಕು ಅಂತಿದ್ದೇನೆ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸ್ಟೇಷನ್‌ವರೆಗೆ ಸೈಕಲ್, ಆಮೇಲೆ ರೈಲು, ಇಳಿದ ಮೇಲೆ ಮತ್ತೆ ಸೈಕಲ್. ಹೋಗಿ ಬರುವುದು ಸೇರಿ ಸೈಕಲ್ ಮೇಲೆ ದಿನಕ್ಕೆ 12 ಕಿ.ಮೀ. ದಾರಿಯಲ್ಲಿ ಒಂದು ಏರೂ ಇದೆ.

ಎರಡು ಮಾಡೆಲ್ ನೋಡಿದ್ದೇನೆ. ಒಂದು 14 ಕೆ.ಜಿ., ಬ್ಯಾಟರಿ 36 ವೋಲ್ಟ್, 7 ಆಂಪಿಯರ್-ಅವರ್. ಇನ್ನೊಂದು 21 ಕೆ.ಜಿ., 36 ವೋಲ್ಟ್, 14 ಆಂಪಿಯರ್-ಅವರ್. ಇದು ಒಂದು ಚಾರ್ಜಿಗೆ 80 ಕಿ.ಮೀ. ಹೋಗುತ್ತದಂತೆ. ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಅನ್ನೋ ಭಯಕ್ಕೆ ಮನಸ್ಸು ದೊಡ್ಡದರ ಕಡೆಗೇ ಹೋಗುತ್ತಿದೆ. ಬಳಸುತ್ತಿರುವವರು ದಯವಿಟ್ಟು ಹೇಳಿ.

ಗಿರೀಶ:
ಶಾಲಿನಿ ಅವರೇ, ನಿಮಗೆ 14 ಕೆ.ಜಿ.ಯದ್ದೇ ಸರಿ. ಲೆಕ್ಕ ಹಾಕಿ ನೋಡೋಣ. ವೋಲ್ಟ್ ಮತ್ತು ಆಂಪಿಯರ್-ಅವರ್ ಗುಣಿಸಿದರೆ ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನೋದು ಸಿಗುತ್ತದೆ. ಸಣ್ಣ ಬ್ಯಾಟರಿ 252, ದೊಡ್ಡದು 504. ಪೆಡಲ್ ತುಳಿಯುತ್ತಾ ಹೋದರೆ ಸಮತಟ್ಟು ರಸ್ತೆಯಲ್ಲಿ ಕಿ.ಮೀ.ಗೆ ಸುಮಾರು 8ರಿಂದ 10 ವಾಟ್-ಅವರ್ ಖರ್ಚಾಗುತ್ತದೆ. ಏರು, ಎದುರುಗಾಳಿ ಎಲ್ಲ ಸೇರಿಸಿ 15 ಅಂತಲೇ ಇಟ್ಟುಕೊಳ್ಳಿ. ನಿಮ್ಮ ದಿನದ ಓಡಾಟಕ್ಕೆ 180 ಆಯಿತು. ಬ್ಯಾಟರಿ ಹಳತಾಗಿ ಶೇ. 80ಕ್ಕೆ ಇಳಿದರೂ 200 ಉಳಿದಿರುತ್ತದೆ.

ಆ 80 ಕಿ.ಮೀ. ಮಾತನ್ನೂ ಹೀಗೇ ಭಾಗಿಸಿ ನೋಡಿ. ಕಿ.ಮೀ.ಗೆ ಆರು ಚಿಲ್ಲರೆ ವಾಟ್-ಅವರ್ ಬರುತ್ತದೆ. ಹಗುರ ಸವಾರ, ಸಮತಟ್ಟು ರಸ್ತೆ, ಅಸಿಸ್ಟ್ (ಮೋಟರ್ ಕೊಡುವ ಸಹಾಯ) ತೀರಾ ಕಡಿಮೆ ಇದ್ದರೆ ಮಾತ್ರ ಆಗುವ ಮಾತು.

ಆದರೆ 21 ಕೆ.ಜಿ. ಮಾತ್ರ ದಿನಾ 21 ಕೆ.ಜಿ.ಯೇ. ಇದನ್ನು ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ. ಒಂದು ಸೂಟ್‌ಕೇಸಿಗೆ ಅಷ್ಟು ತೂಕ ತುಂಬಿ, ಒಂದೇ ಕೈಯಲ್ಲಿ ಹಿಡಿದು ನಿಮ್ಮ ಮೂರು ಮಹಡಿ ಹತ್ತಿ ನೋಡಿ. ಸೈಕಲ್ ಅದಕ್ಕಿಂತ ಕಷ್ಟ. ಹಿಡಿಯಲು ಸರಿಯಾದ ಜಾಗ ಇರುವುದಿಲ್ಲ, ಪೆಡಲ್ ಕಾಲಿಗೆ ಬಡಿಯುತ್ತದೆ. ಹತ್ತಿಸೋಕೆ ಬೇಜಾರಾಗಿ ಸೈಕಲ್ ಕೆಳಗೇ ಬಿಟ್ಟರೆ ಮಡಚುವುದು ತಗೊಂಡು ಏನು ಪ್ರಯೋಜನ?

ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು, ಆ 14 ಕೆ.ಜಿ. ಬ್ಯಾಟರಿ ಸೇರಿಯೋ ಬಿಟ್ಟೋ ಅಂತ. ಎಷ್ಟೋ ಕಡೆ ಬಿಟ್ಟೇ ಬರೆದಿರುತ್ತಾರೆ. ಬ್ಯಾಟರಿ ಕೈಯಲ್ಲೇ ಕಳಚಿ ಬರುವಂತಿದ್ದರೆ ತುಂಬಾ ಒಳ್ಳೆಯದು. ಅದನ್ನು ಬೆನ್ನಿನ ಚೀಲಕ್ಕೆ ಹಾಕಿದರೆ ಕೈಗೆ ಅಷ್ಟು ಭಾರ ತಪ್ಪುತ್ತದೆ. ಮಡಚಿದ ಮೇಲೆ ತಳ್ಳಿಕೊಂಡು ಹೋಗಲು ಬರುತ್ತಾ ನೋಡಿ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎತ್ತಿಕೊಂಡು ನಡೆಯೋಕಾಗಲ್ಲ ಅಲ್ವಾ?

ಇನ್ನೊಂದು, ಮೋಟರ್ ಯಾವಾಗ ಬಲ ಕೊಡಬೇಕು ಅಂತ ತಿಳಿಸುವ ಸೆನ್ಸರ್. ಕೇಡೆನ್ಸ್ ಸೆನ್ಸರ್ ಪೆಡಲ್ ತಿರುಗುತ್ತಿದೆಯಾ ಅಂತ ಮಾತ್ರ ನೋಡುತ್ತದೆ. ಮೋಟರ್ ಒಂದು ಕ್ಷಣ ತಡವಾಗಿ, ಒಮ್ಮೆಲೇ ತಳ್ಳಿದ ಹಾಗಾಗುತ್ತದೆ. ಟಾರ್ಕ್ ಸೆನ್ಸರ್ ನೀವು ಎಷ್ಟು ಒತ್ತುತ್ತೀರೋ ಅದಕ್ಕೆ ತಕ್ಕಂತೆ ಬಲ ಕೊಡುತ್ತದೆ. ಸಣ್ಣ ಚಕ್ರದ ಸೈಕಲ್‌ಗೆ, ಜನರ ನಡುವೆ ಓಡಿಸಲು, ನನ್ನ ಮತ ಟಾರ್ಕ್‌ಗೇ.

ಮಹೇಶ:
ಸೈಕಲ್ ರಿಪೇರಿ ಮಾಡುವವನು ನಾನು. ಗಿರೀಶ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಟೈರ್ ಮೇಲೆ 16 ಇಂಚು ಅಂತಿದ್ದರೆ ಸಾಲದು. ಅದರಲ್ಲೇ ಟೈರ್ ಕೂರುವ ರಿಮ್ಮಿನ ಅಡ್ಡಳತೆ 305 ಮಿ.ಮೀ. ಇರುವುದಿದೆ, 349 ಇರುವುದೂ ಇದೆ. 20 ಇಂಚಿನಲ್ಲೂ 406, 451 ಅಂತ ಎರಡು. ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ ಬರೆದಿರುವ ಈ ನಂಬರ್ ನೋಡಿ, ಆ ಅಳತೆ ನಿಮಗೆ ಸುಲಭವಾಗಿ ಸಿಗುತ್ತಾ ಅಂತ ವಿಚಾರಿಸಿಯೇ ತಗೊಳ್ಳಿ.

ಮೋಟರ್ ಹಿಂದಿನ ಚಕ್ರದಲ್ಲಿದ್ದರೆ ಅದರ ವೈರಿಗೆ ಬಿಚ್ಚಿ ಹಾಕುವ ಕನೆಕ್ಟರ್ ಇರಲೇಬೇಕು. ಇಲ್ಲದಿದ್ದರೆ ಟ್ಯೂಬ್ ಬದಲಿಸುವುದೂ ದೊಡ್ಡ ಕೆಲಸ. ಫ್ರೇಮಿನ ನಡುವಿನ ಮಡಚುವ ಕೀಲನ್ನು ಲಾಕ್ ಮಾಡಿ, ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಅಲ್ಲಿ ಸ್ವಲ್ಪ ಸಡಿಲ ಕಂಡರೂ ಆ ಸೈಕಲ್ ಬೇಡ.

ಶಾಲಿನಿ:
ಇಬ್ಬರಿಗೂ ಧನ್ಯವಾದ. 14 ಕೆ.ಜಿ.ಯದ್ದಕ್ಕೆ ಒಂದೇ ಗೇರ್. ಏರಿಗೆ ಸಾಕಾಗುತ್ತಾ?

ಗಿರೀಶ:
ಚಿಕ್ಕ ಏರಾದರೆ ಸಾಕು. ಉದ್ದ ಇದ್ದರೆ ಗೇರ್ ಇರುವುದನ್ನೇ ಕೇಳಿ, ತೂಕ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ತೀರಾ ನಿಧಾನಕ್ಕೆ ಹತ್ತುವಾಗ ಹಬ್ ಮೋಟರ್ (ಚಕ್ರದ ನಡುವೆ ಇರುವ ಮೋಟರ್) ಬಿಸಿಯಾಗುತ್ತದೆ, ಚಾರ್ಜೂ ಬೇಗ ಇಳಿಯುತ್ತದೆ. ಟ್ರಯಲ್‌ಗೆ ಕೊಟ್ಟರೆ ಆ ಏರಿಗೇ ತಗೊಂಡು ಹೋಗಿ, ಅರ್ಧದಲ್ಲಿ ನಿಲ್ಲಿಸಿ, ಅಲ್ಲಿಂದಲೇ ಹೊರಟು ನೋಡಿ.